ಲೇಸರ್ ಗೆರೆ ನಂಬಿ ಹೊಸ ಟೈರ್ ಸವೆಸಿದೆ, ತಪ್ಪು ಎಲ್ಲಿತ್ತು ಅಂತ ಕೊನೆಗೂ ಸಿಕ್ತು | ಮನೇಲಿ ವೀಲ್ ಅಲೈನ್‌ಮೆಂಟ್ ಭಾಗ 2

ನಮಸ್ಕಾರ ಎಲ್ರಿಗೂ, ಟೈಮ್ ಈಗ ಸಂಜೆ ಆರೂಮುಕ್ಕಾಲು, ಹಾಸನದಲ್ಲಿ ನಮ್ಮನೆ ಮುಂದೆನೇ ಇದೀವಿ. ಕತ್ಲಾಗೋ ತನಕ ಯಾಕೆ ಕಾದೆ ಅಂದ್ರೆ ಬಿಸಿಲಲ್ಲಿ ಈ ಲೇಸರ್ ಗೆರೆ ಕಾಣೋದೇ ಇಲ್ಲ, ಹೋದ ಸಲ ಕೊಡೆ ಹಿಡ್ಕೊಂಡು ಒದ್ದಾಡಿದ್ದು ನೋಡಿದ್ರಲ್ಲ, ಅದು ಬೇಡ ಅಂತ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಹೋದ ವಿಡಿಯೋ ನೋಡಿ ಯಾರಾದ್ರೂ ನನ್ನ ಥರಾನೇ ಎರಡು ಲೇಸರ್ ಕಟ್ಟಿ ಟೋ, ಅಂದ್ರೆ ಮುಂದಿನ ಎರಡು ಚಕ್ರದ ಮೂತಿ ನೇರ ಇದ್ಯಾ, ಒಳಗೋ ಹೊರಗೋ ತಿರುಗಿದ್ಯಾ ಅನ್ನೋದು, ಅದನ್ನ ಸೆಟ್ ಮಾಡ್ಕೊಂಡಿದ್ರೆ ದಯವಿಟ್ಟು ಆ ಗಾಡೀನ ದೂರ ತಗೊಂಡು ಹೋಗ್ಬೇಡಿ, ಇದನ್ನ ಪೂರ್ತಿ ನೋಡ್ಕೊಂಡು ಆಮೇಲೆ ಹೋಗಿ. ನಾನು ಅವತ್ತು ತೋರ್ಸಿದ ಅಳತೆ ತಪ್ಪು. ಎಷ್ಟು ತಪ್ಪು ಅಂತ ಮಿಲಿಮೀಟರ್ ಲೆಕ್ಕದಲ್ಲಿ ತೋರಿಸ್ತೀನಿ, ಅದಕ್ಕೆ ಈ ವಿಡಿಯೋ ಮಾಡ್ತಿರೋದು.

ಇದು ನಮ್ಮ ಸ್ವಿಫ್ಟ್, 14 ಇಂಚ್ ರಿಮ್, ಮುಂದಿನ ಎರಡು ಟೈರ್ ಹೊಸದು, ಎರಡಕ್ಕೂ ಸೇರಿ 9,200 ಕೊಟ್ಟಿದ್ದು ಹೋದ ತಿಂಗಳು. ಇಲ್ಲಿ ಜೂಮ್ ಮಾಡ್ತೀನಿ ನೋಡಿ, ಹೊರಗಡೆ ಅಂಚು. ಕಣ್ಣಿಗೆ ಏನೂ ಕಾಣಲ್ಲ, ಆದ್ರೆ ಕೈ ಆಡಿಸಿದ್ರೆ ಒಂದು ಕಡೆಗೆ ನುಣ್ಣಗೆ ಹೋಗುತ್ತೆ, ವಾಪಸ್ ಎಳ್ದ್ರೆ ಗರಗಸದ ಹಲ್ಲಿನ ಥರ ಬೆರಳಿಗೆ ತಾಗುತ್ತೆ. ಮಂಗಳೂರಿಗೆ ಚಿಕ್ಕಮ್ಮನ ಮಗಳ ಸೀಮಂತಕ್ಕೆ ಹೋಗಿ ಬಂದ್ವಿ ಅಷ್ಟೇ, ಶಿರಾಡಿ ಘಾಟ್ ಇಳ್ದು ಹತ್ತಿದ್ದು, ಹೋಗಿ ಬಂದು 340 ಕಿಲೋಮೀಟರ್. ಬಂದ ತಕ್ಷಣ ಗೇಟ್ ಹತ್ರಾನೇ ಅಪ್ಪ ಕೂತ್ಕೊಂಡು ಟೈರ್ ಮೇಲೆ ಕೈ ಆಡಿಸಿದ್ರು, "ಇದು ಸರಿ ಇಲ್ಲ ಕಣಮ್ಮ, ಮೂತಿ ಒಳಗೆ ತಿರುಗಿದೆ" ಅಂದ್ರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವ್ರು, ಹೊಸಬರಿಗೆ ಗೊತ್ತಿರಲ್ಲ ಅದಕ್ಕೆ ಹೇಳ್ತಿದೀನಿ. ನಾನು ಇಲ್ಲಪ್ಪ, ಲೇಸರ್ ಇಟ್ಟೇ ಸೊನ್ನೆಗೆ ತಂದಿರೋದು ಅಂದೆ. ಅವ್ರು ಏನೂ ವಾದ ಮಾಡ್ಲಿಲ್ಲ, ಒಳಗೆ ಹೋಗಿ ಚಾಕ್‌ಪೀಸ್ ಮತ್ತೆ ಒಂದು ಮೊಳೆ ತಂದ್ರು.

ಇದು ಅವತ್ತಿನ ಕ್ಲಿಪ್. ಜಾಕಿ ಹಾಕಿ ಚಕ್ರ ಎತ್ತಿ, ಟೈರ್ ಮಧ್ಯಕ್ಕೆ ಸುತ್ತಲೂ ಚಾಕ್ ಬಳ್ದು, ಚಕ್ರ ತಿರುಗಿಸ್ತಾ ಮೊಳೆ ಅಲ್ಲಾಡದ ಹಾಗೆ ಹಿಡ್ದ್ರೆ ಕೂದಲೆಳೆಯಷ್ಟು ಸಣ್ಣ ಗೆರೆ ಬೀಳುತ್ತೆ. ಎರಡೂ ಚಕ್ರಕ್ಕೆ ಹಾಗೇ. ಆಮೇಲೆ ಇಳಿಸಿ, ಗಾಡೀನ ಸ್ವಲ್ಪ ಹಿಂದೆ ಮುಂದೆ ತಳ್ಳಿ, ಹಬ್, ಅಂದ್ರೆ ಚಕ್ರದ ನಡುಮಧ್ಯ, ಅದ್ರ ಎತ್ತರದಲ್ಲಿ ಮುಂದ್ಗಡೆ ಗೆರೆಯಿಂದ ಗೆರೆಗೆ ಎಷ್ಟು, ಹಿಂದ್ಗಡೆ ಎಷ್ಟು ಅಂತ ಪೈಪ್ ಗೇಜ್‌ನಲ್ಲಿ ನೋಡೋದು. ಮುಂದೆ 5 ಮಿಲಿಮೀಟರ್ ಕಮ್ಮಿ ಬಂತು. ಅಂದ್ರೆ ಟೋ ಇನ್. ನನ್ನ ಲೇಸರ್ ಮಾತ್ರ ಸೊನ್ನೆ ಅಂತ ಹೇಳ್ತಾನೇ ಇದೆ. ಮೊಳೆ ಐದು ಅನ್ನುತ್ತೆ, ಲೇಸರ್ ಸೊನ್ನೆ ಅನ್ನುತ್ತೆ, ಎರಡ್ರಲ್ಲಿ ಒಂದು ಸುಳ್ಳು. ನಾನು ನಿಜ ಹೇಳ್ಬೇಕು ಅಂದ್ರೆ ಮೊಳೆನೇ ಸುಳ್ಳು ಅಂದ್ಕೊಂಡಿದ್ದೆ, ಎರಡು ರಾತ್ರಿ ಹಾಗೇ ಅಂದ್ಕೊಂಡಿದ್ದೆ.

ಸರಿ, ಲೇಸರ್ ಯಾಕೆ ಬೇಕು ಅಂತ ಒಂದ್ಸಲ ಹೇಳ್ತೀನಿ, ಅದು ಸುಮ್ನೆ ಶೋಕಿಗೆ ಅಲ್ಲ. ರಿಮ್ 14 ಇಂಚು ಅಂದ್ರೆ ಸುಮಾರು 356 ಮಿಲಿಮೀಟರ್. ರಿಮ್ ಮುಂದೆ ಹಿಂದೆ ಟೇಪ್ ಹಿಡ್ದು ಅಳೆದ್ರೆ ಬರೀ 1 ಮಿಲಿಮೀಟರ್ ವ್ಯತ್ಯಾಸಾನೇ ಹತ್ರ ಹತ್ರ 10 ನಿಮಿಷ ಆಗುತ್ತೆ. ನಿಮಿಷ ಅಂದ್ರೆ ಗಡಿಯಾರದ್ದಲ್ಲ, ಒಂದು ಡಿಗ್ರೀನ 60 ಭಾಗ ಮಾಡಿದ್ರೆ ಅದ್ರಲ್ಲಿ ಒಂದು. ಟೇಪ್ ಹಿಡ್ಯೋ ಕೈ ಒಂದು ಮಿಲಿಮೀಟರ್ ಅಲ್ಲಾಡೋದು ಮಾಮೂಲಿ, ಅಲ್ಲಿಗೆ ಲೆಕ್ಕ ಕೆಟ್ಟೋಯ್ತು. ಅದೇ ಕೋನಾನ ಲೇಸರ್ 5 ಮೀಟರ್ ದೂರ ಎಳ್ಕೊಂಡು ಹೋದ್ರೆ 10 ನಿಮಿಷ ಅನ್ನೋದು ಹದಿನಾಲ್ಕೂವರೆ ಮಿಲಿಮೀಟರ್ ಆಗುತ್ತೆ, 14 ಪಟ್ಟು ದೊಡ್ಡದಾಗಿ ಕಾಣುತ್ತೆ, ಕನ್ನಡಕ ಇಲ್ದೆ ಅಪ್ಪಾನೂ ಓದ್ಬೋದು. ಈ ಗುಣ ನಂಗೆ ತುಂಬಾ ಇಷ್ಟ ಆಗಿದ್ದು, ಈಗ್ಲೂ ಇಷ್ಟಾನೇ.

ಆದ್ರೆ ಅದು ತಪ್ಪನ್ನೂ 14 ಪಟ್ಟು ದೊಡ್ಡದು ಮಾಡುತ್ತೆ. ಇದು ನಂಗೆ ಹೊಳೀಲೇ ಇಲ್ಲ.

ಇದೇ ನೋಡಿ ನನ್ನ ಟೂಲ್. ಅಲ್ಯೂಮಿನಿಯಂ ಸೆಕ್ಷನ್, ಫ್ಯಾಬ್ರಿಕೇಶನ್ ಅಂಗಡೀಲಿ ಉಳಿದಿದ್ದ ತುಂಡು, ರಿಮ್ ಅಂಚಿಗೆ ಒತ್ತಿ ಕೂತ್ಕೊಳುತ್ತೆ, ಎಲಾಸ್ಟಿಕ್ ಹಗ್ಗ ಹಿಡ್ಕೊಂಡಿರುತ್ತೆ. ಇದ್ರ ಮೇಲೆ ಗೆರೆ ಬಿಡೋ ಲೇಸರ್ ಲೆವೆಲ್, ಒಂದಕ್ಕೆ 640, ಎರಡು ತಗೊಂಡೆ. ಎಡಗಡೆದು ಒಂದು ಗೆರೆ ಮುಂದೆ ಬಿಡುತ್ತೆ, ಬಲಗಡೆದು ಒಂದು. ಗಾಡಿಯಿಂದ 1 ಮೀಟರ್ ಮುಂದೆ ಹಲಗೆ ಇಟ್ಟು ಎರಡು ಗೆರೆ ಮಧ್ಯ ಎಷ್ಟು ಅಂತ ಬರ್ಕೋಬೇಕು, ಆಮೇಲೆ ಹಲಗೇನ 6 ಮೀಟರ್‌ಗೆ ಒಯ್ದು ಮತ್ತೆ ಬರ್ಕೋಬೇಕು. ದೂರದಲ್ಲಿ ಜಾಸ್ತಿ ಬಂದ್ರೆ ಚಕ್ರ ಹೊರಗೆ ತೆರ್ಕೊಂಡಿದೆ, ಟೋ ಔಟ್. ಕಮ್ಮಿ ಬಂದ್ರೆ ಟೋ ಇನ್. ಸಣ್ಣ ಕಾರ್‌ಗಳಿಗೆ ಸಾಮಾನ್ಯವಾಗಿ ಸೊನ್ನೆ ಹತ್ರಾನೇ ಇರ್ಬೇಕು. ಅವತ್ತು ನಂಗೆ 47 ಮಿಲಿಮೀಟರ್ ಜಾಸ್ತಿ ಬಂತು. ಅಯ್ಯೋ ಇಷ್ಟೊಂದು ಔಟ್ ಇದ್ಯಲ್ಲ ಅಂತ ಗಾಬರಿಯಾಗಿ ಟೈ ರಾಡ್, ಅಂದ್ರೆ ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗೋ ರಾಡ್, ತಿರುಗಿಸಿ ಸೊನ್ನೆ ಮಾಡಿದೆ, ವಿಡಿಯೋ ಹಾಕಿದೆ, ಖುಷಿಯಾಗಿ ಮಂಗಳೂರಿಗೂ ಹೋದೆ.

ಒಂದ್ನಿಮಿಷ, ಈ ಲೇಸರ್ ಕಣ್ಣಿಗೆ ಬಿಡ್ಬೇಡಿ, 1 ಮಿಲಿವ್ಯಾಟ್ ಒಳಗಿನದ್ದೇ ಇರ್ಲಿ, ರಿಮ್ ಹೊಳಪಿಗೆ ತಾಗಿ ವಾಪಸ್ ಹೊಡ್ಯುತ್ತೆ, ಪಕ್ಕದ್ಮನೆ ಮಕ್ಕಳು ಬಂದು ಬಗ್ಗಿ ನೋಡ್ತಾವೆ, ಅದಕ್ಕೆ ಗೇಟ್ ಹಾಕಿದೀನಿ. ಲೇಸರ್ ಬಗ್ಗೆ ಓದ್ತಾ ಇದ್ದಾಗ ಇನ್ನೊಂದು ಗೊತ್ತಾಯ್ತು, ಮೊದಲ್ನೇ ಲೇಸರ್ ಉರ್ದಿದ್ದು 1960ರಲ್ಲಂತೆ, ಅಮೆರಿಕದಲ್ಲಿ ಮೈಮನ್ ಅನ್ನೋರು ಮಾಣಿಕ್ಯದ ಕಡ್ಡೀಲಿ ಮಾಡಿದ್ದು. ಅಪ್ಪ ಹುಟ್ಟಿದ್ದೂ 1960. ಅವ್ರಿಗೆ ಹೇಳ್ದೆ, "ಹಂಗಾರೆ ನಾವಿಬ್ರೂ ಒಂದೇ ವಯಸ್ಸು ಬಿಡು" ಅಂದ್ರು. ಸರಿ ಸರಿ, ವಿಷ್ಯಕ್ಕೆ ಬರ್ತೀನಿ, ಕತ್ಲಾಗ್ತಿದೆ.

ಇದು ಅಪ್ಪ ಹೇಳ್ಕೊಟ್ಟಿದ್ದು, ದಯವಿಟ್ಟು ಗಮನ ಇಟ್ಟು ನೋಡಿ. ಎರಡೂ ಟೂಲ್ ಗಾಡಿಯಿಂದ ಬಿಚ್ಚಿದೆ. ರಿಮ್‌ಗೆ ತಾಗೋ ಮುಖ ಇದ್ಯಲ್ಲ, ಆ ಎರಡು ಮುಖಾನೂ ಒಂದಕ್ಕೊಂದು ಅಂಟಿಸಿ ಕ್ಲಾಂಪ್ ಹಾಕಿದೆ. ಗಾಡೀಲಿ ಹೇಗೆ ಒಂದಕ್ಕೊಂದು ಎದುರಾಗಿ ಕೂತಿರ್ತಾವೋ ಹಾಗೇ, ಮಧ್ಯದಲ್ಲಿ ಗಾಡಿ ಇಲ್ಲ ಅಷ್ಟೇ. ಈಗ ಎರಡು ಗೆರೆನೂ ಸಮಾನಾಂತರವಾಗಿ ಹೋಗ್ಲೇಬೇಕು, ಬೇರೆ ದಾರಿನೇ ಇಲ್ಲ. 1 ಮೀಟರ್‌ನಲ್ಲಿ ನೋಡಿ, 62. ಹಲಗೆ ಹಿಂದಕ್ಕೆ ಹೋಗ್ತಿದೆ... 6 ಮೀಟರ್‌ನಲ್ಲಿ 103. ಟೇಪ್ ಹತ್ರ ಕ್ಯಾಮೆರಾ ತರ್ತೀನಿ. ನೂರಾಮೂರು. ನಲವತ್ತೊಂದು ಮಿಲಿಮೀಟರ್! ಗಾಡಿನೇ ಇಲ್ದೆ ನನ್ನ ಟೂಲ್ 28 ನಿಮಿಷ ಟೋ ಔಟ್ ತೋರಿಸ್ತಿದೆ. ಅಂದ್ರೆ ಅವತ್ತು ನಾನು ಓದಿದ 47ರಲ್ಲಿ 41 ಲೇಸರ್‌ದು, ಗಾಡೀದು ಬರೀ 6. ಗಾಡಿ ಹೆಚ್ಚುಕಮ್ಮಿ ಸರೀಗೇ ಇತ್ತು. ನಾನೇ ಅದನ್ನ ತಿರುಗಿಸಿ 28 ನಿಮಿಷ ಟೋ ಇನ್ ಮಾಡ್ದೆ, ಟೈರ್ ವ್ಯಾಸಕ್ಕೆ ಅದು ಲೆಕ್ಕ ಹಾಕಿದ್ರೆ ಎಷ್ಟು ಗೊತ್ತಾ, ಸರಿಯಾಗಿ 5 ಮಿಲಿಮೀಟರ್. ಅಪ್ಪನ ಮೊಳೆ ಹೇಳಿದ್ದು ಅದೇ.

ಇದು ನೋಡಿ ನಂಗೆ ಹೊಟ್ಟೆ ಉರ್ದು ಹೋಯ್ತು. 28 ನಿಮಿಷ ಅಂದ್ರೆ ಒಂದೊಂದು ಚಕ್ರ 14 ನಿಮಿಷ ಒಳಗೆ ಮುಖ ಮಾಡಿ ಓಡ್ತಿದೆ. ಹಾಗೆ ಓಡಿದ್ರೆ ಪ್ರತಿ ಕಿಲೋಮೀಟರ್‌ಗೆ 4 ಮೀಟರ್ ಅಡ್ಡಕ್ಕೆ ಉಜ್ಕೊಂಡು ಹೋಗುತ್ತೆ. ಮಂಗಳೂರಿಗೆ ಹೋಗಿ ಬರೋದ್ರಲ್ಲಿ ಒಂದೊಂದು ಟೈರ್ ಸುಮಾರು 1,400 ಮೀಟರ್ ಬರೀ ಅಡ್ಡಡ್ಡ ಎಳೆಸ್ಕೊಂಡಿದೆ, ಸುಬ್ರಹ್ಮಣ್ಯಕ್ಕೆ ಉರುಳುಸೇವೆ ಮಾಡ್ದಂಗೆ. 9,200 ರೂಪಾಯಿ ಟೈರ್ ಅದು. ಸ್ಟೇರಿಂಗ್ ಭಾರ ಅನ್ಸಿದ್ದು ಘಾಟ್ ರಸ್ತೆಯಿಂದ ಅಂದ್ಕೊಂಡಿದ್ದೆ.

ತಪ್ಪು ಎಲ್ಲಿ ಅಂದ್ರೆ, ಈ ಲೆವೆಲ್ ಬಿಚ್ಚಿ ತೋರಿಸ್ತೀನಿ. ಒಳಗೆ ಲೇಸರ್ ಬುರುಡೆ ಸಣ್ಣದು, ಗೋಂದು ಹಾಕಿ ಕೂರಿಸಿದಾರೆ, ಸ್ವಲ್ಪ ಸೊಟ್ಟ. ಗೋಡೆಗೆ ಫ್ರೇಮ್ ಹಾಕೋಕೆ ಇಷ್ಟು ಸೊಟ್ಟ ಯಾರಿಗೂ ಗೊತ್ತಾಗಲ್ಲ, ಅದಕ್ಕೇ ಮಾಡಿರೋ ಸಾಮಾನು ಇದು. 180 ಮಿಲಿಮೀಟರ್ ಉದ್ದದ ಬಾಡಿಗೆ ಒಂದು ತುದೀಲಿ ಮುಕ್ಕಾಲು ಮಿಲಿಮೀಟರ್ ಎತ್ತಿದ್ರೆ ಸರಿಹೋಗುತ್ತೆ ಅಂತ ಲೆಕ್ಕ ಬಂತು. ಮುಕ್ಕಾಲು ಮಿಲಿಮೀಟರ್ ದಪ್ಪದ್ದು ಮನೇಲಿ ಏನಿದೆ ಅಂತ ಹುಡುಕಿದ್ರೆ ಎಟಿಎಂ ಕಾರ್ಡ್! ಡೇಟ್ ಮುಗ್ದಿರೋ ಕಾರ್ಡ್ ಕತ್ತರಿಸಿ ಎರಡು ತುಂಡು ಮಾಡಿ, ಒಂದೊಂದರ ಹಿಂದಿನ ತುದಿಗೆ ಒಂದೊಂದು ಕೊಟ್ಟೆ. ಮತ್ತೆ ಮುಖಕ್ಕೆ ಮುಖ ಇಟ್ಟು ನೋಡಿದ್ರೆ ವ್ಯತ್ಯಾಸ 1 ಮಿಲಿಮೀಟರ್. 41 ಇದ್ದದ್ದು ಒಂದಕ್ಕೆ ಬಂತು. ಯಾವ ಲೇಸರ್ ಎಷ್ಟು ಸೊಟ್ಟ ಅಂತ ಇದ್ರಿಂದ ಬಿಡಿಬಿಡಿಯಾಗಿ ಗೊತ್ತಾಗಲ್ಲ, ಎರಡರದ್ದೂ ಸೇರಿದ ತಪ್ಪು ಮಾತ್ರ ಸಿಗುತ್ತೆ, ಒಟ್ಟು ಟೋ ನೋಡೋಕೆ ಅಷ್ಟು ಸಾಕು.

ಈಗ ಗಾಡಿ. ಗಾಳಿ ಮೊದ್ಲೇ ಚೆಕ್ ಮಾಡಿಸಿದೀನಿ, ಟೈ ರಾಡ್ ಎಂಡ್ ಕೈಯಲ್ಲಿ ಅಲ್ಲಾಡಿಸಿ ನೋಡಿದೀವಿ, ಪ್ಲೇ ಇಲ್ಲ. ಪ್ಲೇ ಇದ್ರೆ ಯಾವ ಲೇಸರ್ ತಂದ್ರೂ ದಂಡ, ಮೊದ್ಲು ಆ ಪಾರ್ಟ್ ಹಾಕ್ಸಿ. ಚಕ್ರದ ಕೆಳಗೆ ಎರಡೆರಡು ಟೈಲ್ಸ್, ಮಧ್ಯೆ ಗ್ರೀಸ್, ಇಲ್ಲಾಂದ್ರೆ ಟೈರ್ ನೆಲ ಕಚ್ಕೊಂಡು ಚಕ್ರ ತನ್ನ ಜಾಗಕ್ಕೆ ಬರಲ್ಲ. ಸ್ಟೇರಿಂಗ್ ನೇರ ಮಾಡಿ ಸೀಟಿಗೆ ಹಗ್ಗ ಕಟ್ಟಿದೀನಿ. ಲಾಕ್ ನಟ್ ಹೋದ ಸಲ ತುಕ್ಕು ಹಿಡ್ದು ಕೈ ಕೊಟ್ಟಿತ್ತು, ಈ ಸಲ ಸಲೀಸು. ನಮ್ಮ ಗಾಡೀಲಿ ಟೈ ರಾಡ್ ಕಾಲು ಸುತ್ತು ತಿರುಗಿಸಿದ್ರೆ ಆ ಚಕ್ರ ಹತ್ರತ್ರ 10 ನಿಮಿಷ ತಿರುಗುತ್ತೆ, 14 ಬೇಕು, ಅಂದ್ರೆ ಸುಮಾರು ಮೂರನೇ ಒಂದು ಸುತ್ತು, ಎರಡೂ ಕಡೆ ಸಮ. ಒಂದೇ ಕಡೆ ತಿರುಗಿಸಿದ್ರೆ ಟೋ ಸರಿಹೋದ್ರೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ. ಅಪ್ಪ ಬಲಗಡೆ, ನಾನು ಎಡಗಡೆ. "ಸಾಕು, ಸಾಕು, ಇನ್ನೊಂಚೂರು" ಅಂತಿರೋದು ಅಪ್ಪಂದೇ ದನಿ.

ರಿಮ್ ಗುಂಡಿಗೆ ಬಿದ್ದು ಸ್ವಲ್ಪ ಬೆಂಡ್ ಆಗಿರುತ್ತೆ, ಅದಕ್ಕೆ ಗಾಡೀನ ಅರ್ಧ ಸುತ್ತು ಚಕ್ರ ತಿರುಗೋಷ್ಟು ತಳ್ಳಿ ಮತ್ತೆ ಅಳೀಬೇಕು, ಎರಡರ ಸರಾಸರಿ. ನಮ್ದು ಒಂದ್ಸಲ 3 ಒಳಗೆ, ಒಂದ್ಸಲ 1 ಹೊರಗೆ, ಸರಾಸರಿ 1 ಮಿಲಿಮೀಟರ್ ಒಳಗೆ. ಅಂದ್ರೆ ಒಂದು ನಿಮಿಷಾನೂ ಇಲ್ಲ. ಲಾಕ್ ನಟ್ ಬಿಗಿ ಮಾಡಿದ್ಮೇಲೆ ಇನ್ನೊಂದ್ಸಲ ನೋಡಿ, ಬಿಗಿ ಮಾಡೋವಾಗ ರಾಡ್ ಕದಲುತ್ತೆ.

ಇದು ಮಾರನೇ ದಿನ, ಅಲೈನ್‌ಮೆಂಟ್ ಅಂಗಡಿ. ಹೋದ ವಿಡಿಯೋದಲ್ಲಿ ಅಂಗಡಿಗೆ ಹೋಗೋದೇ ಬೇಡ ಅಂದಿದ್ದೆ, ಆ ಮಾತು ವಾಪಸ್ ತಗೋತೀನಿ. ನಂಗೆ ಆ ಸಿಟ್ಟು ಬಂದಿದ್ದು ಇನ್ನೊಂದು ಅಂಗಡಿಯಿಂದ, ಅಲ್ಲಿ ಗಾಳೀನೂ ನೋಡ್ದೆ ಗಾಡಿ ಹತ್ತಿಸಿ ಎಡಗಡೆ ಕ್ಯಾಂಬರ್ ಔಟ್ ಇದೆ ಮೇಡಂ, 1,500 ಆಗುತ್ತೆ ಅಂದ್ರು, ಕ್ಯಾಂಬರ್ ಅಂದ್ರೆ ಎದುರಿಂದ ನೋಡಿದ್ರೆ ಚಕ್ರ ಎಷ್ಟು ವಾಲಿದೆ ಅನ್ನೋದು, ನೋಡಿದ್ರೆ ಆ ಟೈರಲ್ಲಿ ಗಾಳಿ 24 ಇತ್ತು, ಮಿಕ್ಕಿದ್ರಲ್ಲಿ 32. ಆ ಕಡೆ ಗಾಡಿನೇ ತಗ್ಗಿ ನಿಂತಿದ್ರೆ ಅಳತೆ ನಂಬೋದು ಹೇಗೆ? ಗಾಳಿ ನೋಡದೆ ಅಲೈನ್‌ಮೆಂಟ್ ಮಾಡೋ ಕಡೆ ಗಾಡಿ ಹತ್ತಿಸ್ಬೇಡಿ. ಈ ಅಂಗಡಿ ಹುಡುಗ ಮೊದ್ಲು ಗಾಳಿ ನೋಡ್ದ, ಆಮೇಲೆ ಕೆಳಗೆ ಬಗ್ಗಿ ಟೈ ರಾಡ್ ನೋಡ್ದ, ಆಮೇಲೆ ಮಶೀನ್ ಆನ್ ಮಾಡ್ದ. ಎಲ್ರೂ ಇದನ್ನ ಲೇಸರ್ ಅಲೈನ್‌ಮೆಂಟ್ ಅಂತಾರೆ, ಬೋರ್ಡಲ್ಲೂ ಹಾಗೇ ಇದೆ, ಆದ್ರೆ ಇದು ತ್ರೀಡಿ ಮಶೀನ್, ಚಕ್ರಕ್ಕೆ ಹಾಕಿರೋ ಈ ಚುಕ್ಕಿ ಹಲಗೇನ ಎದುರಿಗಿರೋ ಕ್ಯಾಮೆರಾ ನೋಡುತ್ತೆ, ಇದ್ರಲ್ಲಿ ಲೇಸರ್ ಗೆರೆ ಇಲ್ಲ. ಗಾಡಿ ಹಿಂದೆ ಮುಂದೆ ಸ್ವಲ್ಪ ಉರುಳಿಸಿದ್ದು ರಿಮ್ ಬೆಂಡ್ ಲೆಕ್ಕ ತೆಗೆಯೋಕೆ. ಕ್ಯಾಂಬರ್, ಕ್ಯಾಸ್ಟರ್ ಅಂದ್ರೆ ಪಕ್ಕದಿಂದ ನೋಡಿದ್ರೆ ಸ್ಟೇರಿಂಗ್ ಅಚ್ಚು ಎಷ್ಟು ವಾಲಿದೆ ಅನ್ನೋದು, ಹಿಂದಿನ ಚಕ್ರ ಎತ್ತ ಮುಖ ಮಾಡಿದೆ, ಇವೆಲ್ಲ ನನ್ನ ಎರಡು ಗೆರೇಲಿ ಸಿಗಲ್ಲ, ಇಲ್ಲಿ ಸಿಗುತ್ತೆ. 400 ರೂಪಾಯಿ.

ಸ್ಕ್ರೀನ್ ಬಂತು, ನೋಡಿ. ಒಟ್ಟು ಟೋ, 3 ನಿಮಿಷ ಇನ್. ನಮ್ದು ಒಂದು ನಿಮಿಷದ ಒಳಗೆ ಅಂದಿತ್ತು, ಎರಡು ನಿಮಿಷ ಆಚೆ ಈಚೆ. ಕ್ಯಾಂಬರ್ ಎರಡೂ ಕಡೆ ಹಸಿರು, ಆ 1,500 ಬೇಕಾಗೇ ಇರ್ಲಿಲ್ಲ. ಹುಡುಗ ಏನೂ ಮುಟ್ಟೋದು ಬೇಡ ಮೇಡಂ ಅಂದ. ಅಪ್ಪ ಆ ಪ್ರಿಂಟ್ ಇಸ್ಕೊಂಡು ಎರಡ್ಸಲ ಓದಿ, ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡ್ರು.

ಟೈರ್ ಆಳ ಇವತ್ತಿಂದು ಬರ್ದಿಟ್ಟಿದೀನಿ, ಒಳಗೆ, ಮಧ್ಯೆ, ಹೊರಗೆ, ಎರಡೂ ಟೈರ್‌ದು. ಸಾವಿರ ಕಿಲೋಮೀಟರ್ ಓಡಿದ್ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆದು ತೋರಿಸ್ತೀನಿ. ಟೂಲ್ ಮಾಡ್ಕೊಂಡಿರೋರು ಇವತ್ತು ರಾತ್ರಿನೇ ಮುಖಕ್ಕೆ ಮುಖ ಕಟ್ಟಿ ನೋಡಿ, ನಿಮ್ದು ಎಷ್ಟು ಮಿಲಿಮೀಟರ್ ಬಂತು ಅಂತ ನಂಗೆ ಹೇಳಿ. ಹಿಂದೆ ಗಾಡಿ ಹಾರ್ನ್ ಹೊಡೀತಿದೆ, ರ‍್ಯಾಂಪ್ ಖಾಲಿ ಮಾಡ್ಬೇಕು, ಬರ್ತೀನಿ.