ಹಿತ್ತಲ ಬಿಲ ಯಾರದು?

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ, ನಿನ್ನೆ ಸಮನಾಗಿದ್ದ ಹುಲ್ಲುಹಾಸಿನ ನಡುವೆ ಮೊರದ ತುಂಬ ಆಗುವಷ್ಟು ಹಸಿ ಮಣ್ಣು ಗುಡ್ಡೆ ಬಿದ್ದಿರುತ್ತದೆ. ಪಕ್ಕದ ಕೆಸುವಿನ ಗಿಡ ನಿಂತಲ್ಲೇ ಬಾಡಿರುತ್ತದೆ. ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಕೆಳಗೆ ಗಡ್ಡೆಯೇ ಇಲ್ಲ. ಹೆಗ್ಗಣದ ಕೆಲಸ. ಆ ಸಿಟ್ಟಿನಲ್ಲೇ ಅಂಗಡಿಗೆ ಓಡಿ ಪಾಷಾಣ ತರುವವರು ನಮ್ಮಲ್ಲಿ ಬಹಳ. ನನ್ನ ಕೋರಿಕೆ ಒಂದೇ: ಮೊದಲು ಬಿಲ ನೋಡಿ.

ಹೆಗ್ಗಣದ ಬಿಲದ ಬಾಯಲ್ಲಿ ಹೊಸ ಮಣ್ಣಿನ ರಾಶಿ ಇರುತ್ತದೆ. ಒಳಗಿದ್ದಾಗ ಅದು ಬಾಯಿಗೆ ಸಡಿಲ ಮಣ್ಣು ಒತ್ತಿ ಮುಚ್ಚಿಕೊಳ್ಳುವುದೂ ಉಂಟು. ಹಗಲು ಮಲಗಿ ರಾತ್ರಿ ಮೇಯುವ ಪ್ರಾಣಿ ಇದು. ಚೂಪು ಮೂತಿಯ ಸೊಂಡಿಲಿಯನ್ನೂ ಹೆಗ್ಗಣದ ಮರಿಯೆಂದು ಬಡಿದು ಕೊಲ್ಲುತ್ತಾರೆ, ಪಾಪ. ಅದು ಜಿರಳೆ, ಹುಳುಹುಪ್ಪಟೆ ತಿಂದು ಬದುಕುವ ಜೀವ, ಗಡ್ಡೆ ತಿನ್ನುವುದಕ್ಕೆ ಬಿಲ ತೋಡುವುದಿಲ್ಲ.

ಸಂಜೆ ಕಣ್ಣಿಗೆ ಬಿದ್ದ ಬಿಲಗಳಿಗೆಲ್ಲ ಮಣ್ಣು ತುಂಬಿ ಮೆಟ್ಟಿಬಿಡಿ. ಮರುದಿನ ಮತ್ತೆ ತೆರೆದವು ಮಾತ್ರ ಹೆಗ್ಗಣ ಇರುವ ಬಿಲ. ಹೋದ ವರ್ಷ ನಮ್ಮ ಹಿತ್ತಲಲ್ಲಿ 11 ಬಿಲ ಮುಚ್ಚಿದೆ, ಬೆಳಿಗ್ಗೆ ತೆರೆದಿದ್ದವು 2. ನೋಡದೆ ಮದ್ದಿಟ್ಟಿದ್ದರೆ 9 ಖಾಲಿ ಬಿಲಗಳಿಗೆ ವಿಷ ಸುರಿದಂತಾಗುತ್ತಿತ್ತು.

ಆ ಎರಡಕ್ಕೆ ಬೋನು ಸಾಕಾಯಿತು. ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಅನುಮಾನ. ಹಾಗಾಗಿ ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರಿಟ್ಟು ಬಿಡಬೇಕು. ಧೈರ್ಯವಾಗಿ ಬಂದು ತಿನ್ನತೊಡಗಿದ ಮೇಲೆ ಕಟ್ಟು ಬಿಚ್ಚಿ. ಗೋಡೆಯ ಬುಡ ಹಿಡಿದು ಓಡಾಡುವ ಅಭ್ಯಾಸ ಅದಕ್ಕೆ, ಬೋನೂ ಅಲ್ಲೇ ಇರಲಿ. ಬರಿಗೈಯಲ್ಲಿ ಮುಟ್ಟಬೇಡಿ. ಅದರ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಮಳೆಗಾಲದಲ್ಲಂತೂ ಕಾಲಿಗೆ ಗಾಯವಿದ್ದರೆ ಬರಿಗಾಲಲ್ಲಿ ಅಲ್ಲಿ ಓಡಾಡಲೇಬೇಡಿ.

ಕೋಳಿಗೆ ಚೆಲ್ಲಿದ ಕಾಳು, ಗೊಬ್ಬರದ ಗುಂಡಿಗೆ ಸುರಿದ ಉಳಿದ ಅನ್ನ, ಮೂಲೆಯ ತೆಂಗಿನ ಮಟ್ಟೆ ರಾಶಿ ಇವೆಲ್ಲ ಅದನ್ನು ಕರೆಯುತ್ತವೆ. ಇವನ್ನು ತೆಗೆಯದಿದ್ದರೆ ಹಿಡಿದದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ.

ಪಾಷಾಣ ಕೊನೆಯ ದಾರಿ. ಜಿಂಕ್ ಫಾಸ್ಫೈಡ್ ಆದರೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಮದ್ದು ಅನ್ನುವುದು ಕೃಷಿಯವರ ಲೆಕ್ಕ. ಮೊದಲ ಎರಡು ಮೂರು ದಿನ ಮದ್ದಿಲ್ಲದ ನುಚ್ಚನ್ನೇ ಇಡಬೇಕು. ಒಮ್ಮೆ ತಿಂದು ಹೊಟ್ಟೆ ಕೆಟ್ಟು ಬದುಕಿದ ಹೆಗ್ಗಣ ಮತ್ತೆ ಆ ತಿನಿಸಿನ ಹತ್ತಿರ ಸುಳಿಯದು. ಮದ್ದು ಬಿಲದೊಳಗೇ ಇರಲಿ, ಸತ್ತದ್ದನ್ನು ಆಳವಾಗಿ ಹೂಳಿ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಾತ್ರ ಮನೆಯ ಹತ್ತಿರ ತರಲೇಬೇಡಿ. ಅದರ ಅನಿಲ ಬಿಲದ ಹಾದಿಯಲ್ಲೇ ಮನೆಯೊಳಗೆ ನುಗ್ಗಬಹುದು, ಆ ವಿಷಕ್ಕೆ ಪ್ರತಿಮದ್ದು ಇಲ್ಲ.

ಇನ್ನೊಂದು ಮಾತು. ವಿಷ ತಿಂದು ತೂರಾಡುವ ಹೆಗ್ಗಣವನ್ನು ಹಿಡಿದ ಗೂಬೆಯೂ ಸಾಯಬಹುದು. ಗೂಬೆ ಕೂಗಿದರೆ ಅಪಶಕುನವೆಂದು ಮರ ಕಡಿಸಿದವರನ್ನು ನಾನು ಬಲ್ಲೆ. ನಿಮ್ಮ ಹಿತ್ತಲ ಮರದ ಪೊಟರೆಯಲ್ಲಿ ಗೂಬೆ ಇದ್ದರೆ ಇರಲಿ ಬಿಡಿ, ಕೇರೆ ಹಾವು ಕಂಡರೂ ಕೋಲು ಎತ್ತಬೇಡಿ. ಅವೂ ರಾತ್ರಿ ಹಗಲು ನಿಮ್ಮ ಕೆಸುವನ್ನೇ ಕಾಯುತ್ತಿವೆ.

ನಮಸ್ಕಾರ.