ಬಸವನಗುಡಿಯ ಹಿಂದಿನ ಗಲ್ಲಿಗಳು

ಕೇಳುಗರಿಗೆ ನಮಸ್ಕಾರ. ಬಸವನಗುಡಿ ಅಂದ ತಕ್ಷಣ ನೆನಪಾಗುವುದು ಗಾಂಧಿ ಬಜಾರು, ಹೂವಿನ ಅಂಗಡಿಗಳು, 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆ, ಅಲ್ವಾ? ದೋಸೆ ತಿನ್ನಿ, ಬೇಡ ಅನ್ನುವವರು ಯಾರು. ತಿಂದ ಮೇಲೆ ಗಾಡಿ ಹತ್ತಬೇಡಿ, ಅಷ್ಟೇ. ಯಾವುದಾದರೂ ಅಡ್ಡರಸ್ತೆಗೆ ತಿರುಗಿ ಒಂದು ಗಂಟೆ ಸುಮ್ನೆ ನಡೆಯಿರಿ. ನಡೆಯುವಾಗ ಮನೆಗಳ ಮುಖ ಮಾತ್ರ ನೋಡಬೇಡಿ, ಎರಡು ಹಳೇ ಮನೆಗಳ ನಡುವೆ ಬಿಟ್ಟಿರುವ ಜಾಗವನ್ನೂ ನೋಡಿ.

ಆ ಜಾಗಕ್ಕೆ ಒಂದು ಕಾರಣ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಗ ಊರು ಅಂದರೆ ಹೆಚ್ಚಾಗಿ ಪೇಟೆ. ಚಿಕ್ಕಪೇಟೆ, ಬಳೇಪೇಟೆ ಕಡೆ ಹೋದರೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು ಇವತ್ತಿಗೂ ಸಿಗುತ್ತವೆ, ಎರಡು ಕೈ ಚಾಚಿದರೆ ಮುಗಿದು ಹೋಗುವ ಸಂದಿಗಳೂ ಇವೆ. ಅಂಥ ಕಡೆ ಇಲಿ ಸಾಯತೊಡಗಿದರೆ ಏನಾಗುತ್ತದೆ ಯೋಚಿಸಿ. ಸಾವಿರಾರು ಜನ ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಹೋದರು. ಗಾಳಿ ಬೆಳಕು ಆಡುವ ಜಾಗ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರ ರಸ್ತೆ, ಅಗಲ ಸೈಟು, ಮನೆಯ ಸುತ್ತ ಕಾಂಪೌಂಡು, ಒಂದು ತೆಂಗಿನ ಮರ. ನಮಗೆ ಈಗ ಚೆಂದ ಅನ್ನಿಸುವ ಈ ಬಡಾವಣೆಯನ್ನು ಕಟ್ಟಿಸಿದ್ದರಲ್ಲಿ ಸಾವಿನ ಭಯದ ಪಾಲು ದೊಡ್ಡದು.

ಈಗ ಮನೆಗಳ ಹಿಂದಕ್ಕೆ ಬನ್ನಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಕಿರಿದಾದ ಗಲ್ಲಿಗಳಿವೆ. ಹಳಬರು ಇದಕ್ಕೆ ಕನ್ಸರ್ವೆನ್ಸಿ ಅನ್ನುತ್ತಾರೆ. ಒಳಚರಂಡಿ ಬರುವ ಮುಂಚೆ ಕಕ್ಕಸು ಹಿತ್ತಲಿನ ಕೊನೆಯಲ್ಲಿ ಇರುತ್ತಿತ್ತು. ಮಲ ಹೊರುವವರು ಈ ಗಲ್ಲಿಯಿಂದ ಬಂದು, ಈ ಗಲ್ಲಿಯಿಂದಲೇ ಹೋಗಬೇಕಿತ್ತು. ಮುಂದಿನ ಜಗಲಿ ನೆಂಟರಿಗೆ, ಬೀದಿಯ ಸ್ನೇಹಿತರಿಗೆ; ಊರನ್ನು ರೋಗದಿಂದ ಕಾಪಾಡಿದವರಿಗೆ ಆ ಜಗಲಿ ಇರಲಿಲ್ಲ. ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು ಅಂತ ಹೇಳುವವರೆಲ್ಲ ಒಮ್ಮೆ ಇಲ್ಲಿ ನಿಲ್ಲಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಜಾತಿ ಅನ್ನುವುದು ಬಡಾವಣೆಯ ನಕ್ಷೆಯಲ್ಲೇ ಇತ್ತು. ಈಗ ಎಷ್ಟೋ ಗಲ್ಲಿಗಳು ಮುಚ್ಚಿಹೋಗಿವೆ, ಕೆಲವನ್ನು ಅಕ್ಕಪಕ್ಕದವರು ಒಳಗೆ ಸೇರಿಸಿಕೊಂಡಿದ್ದಾರೆ.

ಮನೆಯ ಒಳಗೆ ಬಿಡುವವರಿದ್ದರೆ, ಚಪ್ಪಲಿ ಬಿಟ್ಟು ಕೆಂಪು ನೆಲದ ಮೇಲೆ ಕಾಲಿಡಿ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ ಹಾಕಿ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ ನೆಲ ಅದು. ವರ್ಷ ಕಳೆದಂತೆ ಹೊಳಪು ಜಾಸ್ತಿಯಾಗುತ್ತದೆ. ನಡುಮನೆ ದಾಟಿ ಅಡುಗೆಮನೆಯ ಬಾಗಿಲ ಹತ್ತಿರ, ಜನ ಹೆಚ್ಚು ಓಡಾಡಿದ ಕಡೆ, ಬಣ್ಣ ಸ್ವಲ್ಪ ತಿಳಿಯಾಗಿರುತ್ತದೆ, ಗಮನಿಸಿ. ಆಮೇಲೆ ತಲೆ ಎತ್ತಿ ನೋಡಿ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆ ತುಂಬಿದ ಮದ್ರಾಸ್ ತಾರಸಿ. ಏಪ್ರಿಲ್ ಬಿಸಿಲಿನಲ್ಲೂ ಕೆಳಗೆ ತಂಪು. ಕಿಟಕಿಯ ಮೇಲೆ ಚೂಪು ಮರದ ಪಟ್ಟಿಗಳ ಮಾಡು ಕಂಡರೆ ಅದು ಮಂಕಿ ಟಾಪ್. ಮಂಗಳೂರು ಹಂಚಿನ ಮನೆಗಳೂ ಅಲ್ಲೊಂದು ಇಲ್ಲೊಂದು ಉಳಿದಿವೆ.

ಬಡಾವಣೆಗಿಂತ ಹಳೆಯದು ನೋಡಬೇಕಾದರೆ ದೊಡ್ಡ ಬಸವನ ಗುಡಿಗೆ ಹೋಗಿ. ಒಂದೇ ಕಲ್ಲಿನ ಬಸವ, ಈ ಜಾಗಕ್ಕೆ ಹೆಸರು ಕೊಟ್ಟವನೇ ಅವನು. ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ದಿನ ಮಾತ್ರ ಕಟ್ಟಡ ನೋಡುವ ಆಸೆ ಬಿಟ್ಟುಬಿಡಿ, ಕಡಲೆಕಾಯಿ ಕೊಂಡು ತಿನ್ನಿ. ಅಲ್ಲಿಂದ ಗವಿಪುರ ಹತ್ತಿರವೇ, ಕಲ್ಲೊಳಗಿನ ಗಂಗಾಧರೇಶ್ವರನನ್ನೂ ನೋಡಿಬಿಡಿ.

ಒಂದು ಮಾತು. ಇಂಥ ಮನೆ ನಿಮ್ಮದೇ ಆಗಿದ್ದು, ಬಿಲ್ಡರ್‌ಗೆ ಕೊಡುವ ಮಾತು ನಡೆದಿದ್ದರೆ, ನಾನು ಬೇಡ ಅನ್ನಲಾರೆ, ಅಣ್ಣ ತಮ್ಮಂದಿರ ಪಾಲಿನ ಕಷ್ಟ ನಿಮಗೇ ಗೊತ್ತು. ಕೆಡವುವ ಮುಂಚೆ ಪ್ರತಿ ಕೋಣೆಯ ಫೋಟೋ ತೆಗೆಯಿರಿ, ತಾರಸಿ, ಬಾವಿ, ಹಿತ್ತಲಿನ ಬಾಗಿಲು ಸೇರಿಸಿ. ಹಳೇ ನಕ್ಷೆಯ ಕಾಗದ ಪೆಟ್ಟಿಗೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾವ ಕೋಣೆಯಲ್ಲಿ ಯಾರಿದ್ದರು, ಹಿಂದಿನ ಬಾಗಿಲಿಗೆ ಯಾರು ಬರುತ್ತಿದ್ದರು ಅಂತ ಕೇಳಿ ಬರೆದಿಡಿ. ನಮಸ್ಕಾರ.