ಸಬ್‌ಮರೀನ್ ಒಂದು ರೈಲನ್ನು ಹೊಡೆದ ಕಥೆ

[ತೆರೆಯ ಮೇಲೆ: ಬಾರ್ಬ್ ಸಬ್‌ಮರೀನಿನ ಬಾವುಟ]

ಈ ಬಾವುಟ ನೋಡಿ. ಹೊಡೆದ ಹಡಗುಗಳಿಗೆಲ್ಲ ಒಂದೊಂದು ಗುರುತು. ಸರಿ. ಆದರೆ ಕೆಳಗಡೆ ಇರೋದು ರೈಲು! ನೀರಿನೊಳಗಿನ ಸಬ್‌ಮರೀನಿಗೆ ರೈಲು ಎಲ್ಲಿ ಸಿಕ್ಕಿತು?

ಕಮಾಂಡರ್ ಹೆಸರು ಯೂಜೀನ್ ಫ್ಲಕಿ, ಅಮೆರಿಕ ನೌಕಾಪಡೆ. 1944ರ ಏಪ್ರಿಲ್‌ನಲ್ಲಿ ಬಾರ್ಬ್ ಇವರ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ ಜಪಾನಿನ ವಿಮಾನವಾಹಕ ಹಡಗು ಉನ್ಯೋ ಮುಳುಗಿತು. 1945ರ ಜನವರಿಯಲ್ಲಿ ಚೀನಾದ ನಾಮ್‌ಕ್ವಾನ್ ಬಂದರಿಗೆ ರಾತ್ರಿ ನುಗ್ಗಿ, ನಿಂತಿದ್ದ ಹಡಗುಗಳಿಗೆ ಟಾರ್ಪೆಡೊ ಬಿಟ್ಟು, ಮುಳುಗುವಷ್ಟು ಆಳವಿಲ್ಲದ ನೀರಲ್ಲಿ ಮೇಲೆಯೇ ಓಟ ಕಿತ್ತರು. ಅದಕ್ಕೆ ಮೆಡಲ್ ಆಫ್ ಆನರ್ ಸಿಕ್ಕಿತು. ನೇವಿ ಕ್ರಾಸ್ ಬೇರೆ ನಾಲ್ಕು. ಇಷ್ಟು ಸಾಕು, ನನಗೆ ರೈಲಿನ ಹತ್ತಿರ ಹೋಗಬೇಕು.

1945ರ ಜುಲೈ. ಜಾಗ ಕರಾಫುಟೊ, ಅಂದರೆ ಇವತ್ತಿನ ಸಖಾಲಿನ್ ದ್ವೀಪದ ದಕ್ಷಿಣ ಭಾಗ. ಆಗ ಅದು ಜಪಾನಿನದು. ಪೆರಿಸ್ಕೋಪ್‌ನಲ್ಲಿ ನೋಡಿದರೆ ದಡದ ಉದ್ದಕ್ಕೂ ರೈಲು ಓಡಾಡುತ್ತಿವೆ. ಟಾರ್ಪೆಡೊ ದಡ ಹತ್ತೋದಿಲ್ಲವಲ್ಲ! 25 ಕೆಜಿ ಸಿಡಿಮದ್ದು ಹಳಿ ಕೆಳಗೆ ಹೂಳಬಹುದು. ಆದರೆ ರೈಲು ಬಂದಾಗಲೇ ಅದು ಸಿಡಿಯಬೇಕು. ಬಟನ್ ಒತ್ತೋಕೆ ಅಲ್ಲೇ ಕೂತವನು ವಾಪಸ್ ಬರೋದು ಹೇಗೆ?

ಆಗ ಎಲೆಕ್ಟ್ರಿಷಿಯನ್ ಹ್ಯಾಟ್‌ಫೀಲ್ಡ್‌ಗೆ ಬಾಲ್ಯದ ಆಟ ನೆನಪಾಯಿತು. ನಾವು ಹಳಿ ಮೇಲೆ ನಾಲ್ಕಾಣೆ ಇಟ್ಟು ಚಪ್ಪಟೆ ಮಾಡಿಸಿದವರು, ಅಲ್ವಾ? (ಈಗ ಯಾರೂ ಮಾಡಬೇಡಿ.) ಇವನು ಗಟ್ಟಿ ಸಿಪ್ಪೆಯ ಕಾಯಿ ಒಡೆಸುತ್ತಿದ್ದ. ಮೇಲಿಟ್ಟರೆ ತಿರುಳೂ ಪುಡಿ. ಅದಕ್ಕೇ ಎರಡು ಸ್ಲೀಪರ್‌ಗಳ ನಡುವೆ, ಹಳಿಯ ಅಡಿಯಲ್ಲಿ ಇಡುತ್ತಿದ್ದ. ಗೇಟ್ ಹಾಕಿದಾಗ ಸುಮ್ನೆ ಹಳಿಯನ್ನೇ ನೋಡಿ: ಗಾಲಿ ಬಂದಾಗ ತುಸು ತಗ್ಗುತ್ತೆ, ಹೋದಾಗ ಏಳುತ್ತೆ. ಆ ತಗ್ಗಿಗೆ ಸಿಪ್ಪೆ ಟಕ್ ಅಂತ ಒಡೆಯುತ್ತೆ, ತಿರುಳು ಉಳಿಯುತ್ತೆ. ಕಾಯಿ ತೆಗೆದು ಆ ಜಾಗದಲ್ಲಿ ಪುಟ್ಟ ಸ್ವಿಚ್ ಇಡಿ. ಮುಗೀತು! ರೈಲೇ ಬಟನ್ ಒತ್ತುತ್ತೆ.

ಆದರೆ ಒಳಗಿರೋದು ಸರಕೋ ಜನವೋ ಅಂತ ಆ ಸ್ವಿಚ್‌ಗೆ ಗೊತ್ತಾಗೋದಿಲ್ಲ. ಈ ಕಥೆಗೆ ನಗುವವರು ಅದನ್ನು ಹೇಳೋದೇ ಇಲ್ಲ.

ಜುಲೈ 23, ಮಧ್ಯರಾತ್ರಿ ದಾಟಿದೆ. ಎಂಟು ಜನ, ಎರಡು ರಬ್ಬರ್ ದೋಣಿ. ಸಲಿಕೆ, ಗುದ್ದಲಿ ಸಬ್‌ಮರೀನಿನ ಉಕ್ಕಿನ ತಗಡಿನಿಂದಲೇ ಮಾಡಿದ್ದು. ಒಬ್ಬ ಕಣ್ಣಿಡೋಕೆ ಅಂತ ನೀರಿನ ಟ್ಯಾಂಕ್ ಏಣಿ ಹತ್ತಿದ. ಅದು ಟ್ಯಾಂಕೇ ಅಲ್ಲ, ಕಾವಲು ಗೋಪುರ! ಪುಣ್ಯಕ್ಕೆ ಕಾವಲುಗಾರ ಗೊರಕೆ ಹೊಡೆಯುತ್ತಿದ್ದ. ಹ್ಯಾಟ್‌ಫೀಲ್ಡ್ ಸ್ವಿಚ್ ಜೋಡಿಸಿದ, ಎಲ್ಲರೂ ದೋಣಿಗೆ ಓಡಿದರು. ಅವರು ಇನ್ನೂ ನೀರಿನಲ್ಲಿರುವಾಗಲೇ ರೈಲು ಬಂತು. ಬೇಗ ಹುಟ್ಟು ಹಾಕ್ರೋ ಅಂತ ಫ್ಲಕಿ ಕೂಗುತ್ತಿದ್ದಾರೆ, ಹಿಂದೆ ಎಂಜಿನ್ ಆಕಾಶಕ್ಕೆ ಹಾರಿತು.

ಟೈಮ್ ಮುಗೀತಾ ಬಂತು, ಉಳಿದದ್ದು ಚುಟುಕಾಗಿ. ಎಂಟೂ ಜನ ವಾಪಸ್ ಬಂದರು. ಫ್ಲಕಿ ಕೈಕೆಳಗೆ ಬಾರ್ಬ್‌ನ ಒಬ್ಬರಿಗೂ ಪರ್ಪಲ್ ಹಾರ್ಟ್, ಅಂದರೆ ಗಾಯಗೊಂಡವರ ಪದಕ, ಬರಲಿಲ್ಲ. ಅವರಿಗೆ ಜಾಸ್ತಿ ಹೆಮ್ಮೆ ಇದ್ದದ್ದು ಆ ಬಾರದ ಪದಕದ ಬಗ್ಗೆಯೇ. ಬಾರ್ಬ್ 1954ರಲ್ಲಿ ಇಟಲಿಗೆ ಹೋಯಿತು. 1972ರಲ್ಲಿ ಫ್ಲಕಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಅದೇ ವರ್ಷ ಬಾರ್ಬ್ ಗುಜರಿಗೆ ಹೋಯಿತು.